ಅಮವಾಸ್ಯೆ ಯಾರ ಪಾಳಿ

ನಾನು ನಿವೃತ್ತಳಾಗಿ ಬೈಲಹೊಂಗಲದ ಮನೆಯಲ್ಲಿ ಕಾಲು ಚಾಚಿ ಕುಳಿತ ಮೇಲೆ, ನನ್ನ ಜಾಗಕ್ಕೆ ಬಂದ ಹುಡುಗಿ ಒಂದು ದಿನ ಫೋನ್ ಮಾಡಿದಳು. ಕ್ಷೇಮ ಸಮಾಚಾರ ಏನೂ ಇಲ್ಲ, ನೇರ ವಿಷಯಕ್ಕೇ ಬಂದಳು.

"ಅಕ್ಕಾರ, ಇಲ್ಲಿ ಮುದುಕ್ರು ಎಲ್ಲಾರೂ ಚಲೋ ಅದೇವಿ ಅಂತಾರ್ರಿ. ಯಾರ ಮನ್ಯಾಗೂ ಏನೂ ತ್ರಾಸ ಇಲ್ಲಂತ. ನೀವು ನೋಡಿದ್ರ ಹುಷಾರ್ ಇರು, ಕಣ್ ತಗದ ನೋಡು ಅಂತ ಹೇಳಿ ಹೋದ್ರಿ. ನಾ ಏನ್ ನೋಡ್ಬೇಕ್ರಿ?"

ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಅಂದು ಏನೋ ಒಂದಿಷ್ಟು ಹೇಳಿ ಸಮಾಧಾನ ಮಾಡಿದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆಕೆಗೂ ಆಯಿತು, ಆಕೆಯಂತೆ ಹೊಸದಾಗಿ ಉಪಕೇಂದ್ರದ ಬೀಗದ ಕೈ ಹಿಡಿದವರಿಗೂ ಆಯಿತು. ನಾನು ಆರೋಗ್ಯ ಸಹಾಯಕಿ. ಮೊದಲು ಕಿತ್ತೂರಿನ ಕಡೆ, ಆಮೇಲೆ ರಾಮದುರ್ಗದ ಕಡೆ, ಕೊನೆಗೆ ಸವದತ್ತಿ ತಾಲ್ಲೂಕಿನ ಮುರಗೋಡದ ಸುತ್ತಿನ ಹಳ್ಳಿಗಳಲ್ಲಿ ಕೆಲಸ ಮಾಡಿದವಳು. ಯಾವಾಗ ಬಡ್ತಿ ಬಂತು, ಯಾರ ಕೈಯಿಂದ ಶಾಲು ಹೊದಿಸಿಕೊಂಡೆ ಎಂಬುದೆಲ್ಲ ನನ್ನ ತಂಗಿಯ ಗಂಡನಿಗೆ ಬಾಯಿಪಾಠ ಇದೆ. ಬೇಕಾದವರು ಅವನನ್ನು ಕೇಳಬಹುದು.

ನಾನು ಕೆಲಸಕ್ಕೆ ಸೇರಿದಾಗ ಮುದುಕರು ನಮ್ಮ ಕೆಲಸದೊಳಗೇ ಬರುತ್ತಿರಲಿಲ್ಲ. ಬಸುರಿ, ಬಾಣಂತಿ, ಕೂಸು, ಆಪರೇಷನ್ ಮಾಡಿಸಿಕೊಳ್ಳಲು ಒಪ್ಪಿದ ಹೆಂಗಸು, ಇಷ್ಟೇ ನಮ್ಮ ಜಗತ್ತು. ಕಟ್ಟೆಯ ಮೇಲೆ ಕುಳಿತ ಮುದುಕಿ ನಮಗೆ ಕೆಲಸಕ್ಕೆ ಬರುತ್ತಿದ್ದದ್ದು ಸೂಜಿ ಚುಚ್ಚುವಾಗ ಕೂಸಿನ ಕಾಲು ಗಟ್ಟಿಯಾಗಿ ಹಿಡಿಯಲು ಮಾತ್ರ. ಆಕೆಯ ಕೈ ನಡುಗುತ್ತಿದ್ದರೆ ಯಾಕೆ ನಡುಗುತ್ತಿದೆ ಎಂದು ನಾವು ಕೇಳುತ್ತಿರಲಿಲ್ಲ, ಪಕ್ಕದ ಮನೆಯವಳನ್ನು ಕರೆಯುತ್ತಿದ್ದೆವು. ಆಗ ನಮ್ಮ ಮೇಲೆ ಒಬ್ಬ ಹಿರಿಯ ಬಾಯಿಯವರಿದ್ದರು, ನಮ್ಮ ಕಡೆ ನರ್ಸಮ್ಮನಿಗೆ ಹಾಗೆಯೇ ಅನ್ನುವುದು. ಕೊಡೆ ಹಿಡಿದುಕೊಂಡು ಬಿಸಿಲಲ್ಲಿ ಓಡಿದಂತೆ ನಡೆಯುತ್ತಿದ್ದರು. ನಾನು ಒಮ್ಮೆ ಒಬ್ಬ ಅಜ್ಜಿಯ ಹತ್ತಿರ ಕುಳಿತದ್ದು ಕಂಡು, "ಮುದುಕ್ಯಾರ ಕೂಡ ಹರಟಿ ಹೊಡ್ಯಾಕ ಪಗಾರ ಕೊಡ್ತಾರೇನ ನಿನಗ? ಏಳು, ಇನ್ನೂ ಅರ್ಧಾ ಓಣಿ ಉಳದೈತಿ" ಎಂದು ಎಬ್ಬಿಸಿದ್ದರು. ಈಗ ಅದೇ ಬಾಯಿಯವರು ನನಗೆ ಫೋನ್ ಮಾಡಿ ತಾಸುಗಟ್ಟಲೆ ಹರಟೆ ಹೊಡೆಯುತ್ತಾರೆ. ನಾನು ಇನ್ನೂ ಪಗಾರ ಕೇಳಿಲ್ಲ.

ಕಾಲ ಕಳೆದಂತೆ ಚೀಲದೊಳಗೆ ಬಿಪಿ ಮಷೀನು ಬಂತು, ಬೆರಳು ಚುಚ್ಚಿ ಸಕ್ಕರೆ ನೋಡುವ ಮಷೀನು ಬಂತು, ಗುಳಿಗೆಗಳು ಬಂದವು. ಅವುಗಳ ಬೆನ್ನು ಹತ್ತಿ ಮುದುಕರೂ ನಮ್ಮ ಕೆಲಸದೊಳಗೆ ಬಂದರು. ಒಮ್ಮೆ ನಮ್ಮನ್ನೆಲ್ಲ ತರಬೇತಿಗೆ ಕರೆದು, ಹಿರಿಯರಿಗೆ ಮನೆಯಲ್ಲಿ ಹಿಂಸೆ ಆಗುತ್ತಿದೆಯೇ ಎಂದು ವಿಚಾರಿಸಬೇಕು ಎಂದರು. ಪ್ರಶ್ನೆಗಳನ್ನೂ ಅವರೇ ಕೊಟ್ಟರು, ಪುಸ್ತಕದ ಭಾಷೆಯಲ್ಲಿ. ನಾನು ಅವನ್ನು ನಮ್ಮ ಮಾತಿಗೆ ತಿರುಗಿಸಿಕೊಂಡು ಕಿತ್ತೂರಿನ ಹತ್ತಿರದ ಒಂದು ತುಂಬಿದ ಮನೆಗೆ ಹೋದೆ. ಪಡಸಾಲೆಯಲ್ಲಿ ಅಜ್ಜ, ಅಜ್ಜನ ಬಲಕ್ಕೆ ಮಗ, ಬಾಗಿಲಲ್ಲಿ ಚಹಾ ಹಿಡಿದ ಸೊಸೆ, ಸುತ್ತಲೂ ಮೊಮ್ಮಕ್ಕಳು. ನನ್ನ ಜಾಣತನ ನೋಡಿ, ಅವರೆಲ್ಲರ ನಡುವೆ ಕುಳಿತು ಕೇಳಿದೆ:

"ಅಜ್ಜಾರ, ಮನ್ಯಾಗ ನಿಮ್ಮನ್ನ ಯಾರರ ಹೊಡೀತಾರೇನ್ರಿ?"

ಅಜ್ಜ ಮಗನ ಮುಖ ನೋಡಿದ, ಸೊಸೆಯ ಮುಖ ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡು, "ಹೊಡ್ಯೂದು ಯಾರೂ ಇಲ್ರಿ ಬಾಯಾರ. ಎಮ್ಮಿ ಒಂದ ಒದೀತೈತಿ. ಬೇಕಾದ್ರ ಅದರ ಹೆಸರ ಬರಕೋರಿ" ಎಂದ.

ಮನೆಗೆ ಮನೆಯೇ ನಕ್ಕಿತು. ನಾನೂ ನಕ್ಕು ಚಹಾ ಕುಡಿದೆ. ಹೊರಡುವಾಗ ಮಗ ನನ್ನ ಹಿಂದೆಯೇ ಬಂದು ಮೆಲ್ಲಗೆ, "ಬಾಯಾರ, ಇಂಥಾ ಪ್ರಶ್ನಿ ತಗೊಂಡ ನಮ್ಮ ಮನಿಗೆ ಮತ್ತ ಬರಬ್ಯಾಡ್ರಿ" ಎಂದ. ಆ ಅಜ್ಜನಿಗೆ ನಿಜವಾಗಿ ಏನಾದರೂ ತೊಂದರೆ ಇತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಇದ್ದಿದ್ದರೂ ಹೇಳುವ ದಾರಿಯನ್ನು ನಾನೇ ಮುಚ್ಚಿದ್ದೆ. ಅಂದಿನಿಂದ ಒಂದು ರೂಢಿ ಮಾಡಿಕೊಂಡೆ. ವಯಸ್ಸಾದವರ ಕಣ್ಣು ನೋಡಬೇಕು, ಒಳಗೆ ಬೆಳಕು ಸಾಲದು ಎಂದು ಹೇಳಿ ಅವರ ಕೈ ಹಿಡಿದು ಹೊರಗೆ ಬೇವಿನ ಗಿಡದವರೆಗೆ ನಡೆಸಿಕೊಂಡು ಹೋಗುವುದು. ಬೆಳಕಿಗೆ ಯಾವ ಮನೆಯವರೂ ಅಡ್ಡ ಬರುವುದಿಲ್ಲ.

ಎಲ್ಲಿ ಕೇಳಬೇಕು ಎಂಬುದನ್ನು ಹಾಗೆ ಕಲಿತೆ. ಏನು ಕೇಳಬೇಕು ಎಂಬುದನ್ನು ಕಲಿಸಿದವರು ರಾಮದುರ್ಗದ ಕಡೆ ಇದ್ದ ಒಬ್ಬ ಡಾಕ್ಟರು. ಮಾತು ಕಡಿಮೆ, ಸಿಟ್ಟು ಜಾಸ್ತಿ. "ಹೊಡೀತಾರೇನು ಅಂತ ಕೇಳಬ್ಯಾಡ್ರಿ. ನಿನ್ನಿ ಏನ್ ಉಂಡ್ರಿ, ಯಾರ್ ನೀಡಿದ್ರು, ಎಲ್ಲೆ ಮಲಗಿದ್ರಿ, ಇಷ್ಟ ಕೇಳ್ರಿ. ಉಳದದ್ದು ತಾನ ಬರತೈತಿ" ಎನ್ನುತ್ತಿದ್ದರು. ಮಗ ಬೈದದ್ದನ್ನು ಯಾರೂ ಹೇಳುವುದಿಲ್ಲ, ಆದರೆ ಪಲ್ಯ ಯಾವುದಿತ್ತು ಎಂದರೆ ಎಲ್ಲರೂ ಹೇಳುತ್ತಾರೆ. ಹೇಳಲು ತಡವರಿಸಿದರೆ ಅಲ್ಲಿ ಕುಳಿತುಕೊಳ್ಳಬೇಕು.

ಸಾಲಹಳ್ಳಿಯಲ್ಲಿ ಒಬ್ಬ ಮುದುಕನನ್ನು ಕಂಬಕ್ಕೆ ಕಟ್ಟಿದ್ದು ಕಂಡು ಸೊಸೆಯ ಮೇಲೆ ನಾನು ಹರಿಹಾಯ್ದದ್ದೂ ಆಗಲೇ. ಆಕೆ ಎದುರಾಡದೆ ಎಲ್ಲ ಬೈಗುಳ ಕೇಳಿದಳು. ಆಮೇಲೆ ಮಾವನ ಅಂಗಾಲು ತೋರಿಸಿದಳು. ಮುಳ್ಳು ತುಳಿದು ತುಳಿದು ಹುಣ್ಣಾಗಿತ್ತು. ಮುದುಕನಿಗೆ ಮರೆವು. ಎಂದೋ ಸತ್ತ ಎತ್ತುಗಳನ್ನು ಹುಡುಕುತ್ತಾ ಬಾವಿಯ ಕಡೆ ನಡೆದುಬಿಡುತ್ತಿದ್ದ. ಕಟ್ಟಿದ್ದು ಹಗ್ಗವಲ್ಲ, ಮೈಗೆ ಒತ್ತಬಾರದೆಂದು ತನ್ನ ಹಳೆಯ ಸೀರೆಯನ್ನೇ ಹರಿದು ಮಾಡಿದ ಪಟ್ಟಿ. ನೋಡಿಕೊಳ್ಳಲು ಮನೆಯಲ್ಲಿ ಆಕೆಯೊಬ್ಬಳೇ. "ಬೈರಿ ಬಾಯಾರ, ಬೇಕಾದಷ್ಟು ಬೈರಿ. ಬೈದಾದ ಮ್ಯಾಲ ಒಂದ ತಾಸ ಅವರ ಹತ್ರ ಕುಂದರ್ರಿ. ನಾ ಕಣ್ ಮುಚ್ಚತೇನಿ" ಎಂದಳು. ನಾನು ಕುಳಿತೆ. ಆಕೆ ಬರೀ ನೆಲದ ಮೇಲೆ ಬಿದ್ದು ಸತ್ತಂತೆ ಮಲಗಿದಳು. ಆಮೇಲೆ ಡಾಕ್ಟರು ಮುದುಕನಿಗೆ ಔಷಧ ಬರೆದರು, ಬಾಗಿಲಿಗೆ ಎತ್ತರದಲ್ಲಿ ಚಿಲಕ ಹಾಕಿಸಿದರು, ಓಣಿಯ ಹೆಂಗಸರು ದಿನಕ್ಕೊಬ್ಬರು ಬಂದು ಕೂರಲು ಒಪ್ಪಿದರು. ಪಟ್ಟಿ ಬಿಚ್ಚಿದರು. ಕಟ್ಟಿದ್ದು ತಪ್ಪೇ. ಆದರೆ ಆ ತಪ್ಪಿಗೆ ಬೈಗುಳ ಔಷಧವಾಗಿರಲಿಲ್ಲ.

ಇಂಥ ಮನೆಗಳನ್ನು ನೋಡುತ್ತಾ ನನಗೆ ಒಂದಿಷ್ಟು ತಿಳಿಯಿತು. ಹಾಸಿಗೆ ಹಿಡಿದವರಿಗೆ, ಗಂಡನೋ ಹೆಂಡತಿಯೋ ಸತ್ತು ಒಂಟಿಯಾದವರಿಗೆ, ಹೊಲ ಮಕ್ಕಳ ಹೆಸರಿಗೆ ಮಾಡಿಕೊಟ್ಟು ಕೈ ತೊಳೆದುಕೊಂಡವರಿಗೆ ತೊಂದರೆ ಹೆಚ್ಚು. ಕುಡಿಯುವ ಮಗನಿದ್ದಲ್ಲಿ ಹೊಡೆತ ಸಿಗುತ್ತದೆ, ಒಬ್ಬಳೇ ದುಡಿದು ಸಾಕಾದ ಸೊಸೆಯಿದ್ದಲ್ಲಿ ಸಿಡುಕು ಸಿಗುತ್ತದೆ. ಆದರೆ ನಾನು ಕಂಡ ಬಹಳಷ್ಟು ಹಿಂಸೆಗೆ ಕೈಯೂ ಇರಲಿಲ್ಲ, ಬಾಯಿಯೂ ಇರಲಿಲ್ಲ. ಉಂಡಿರಾ ಎಂದು ಯಾರೂ ಕೇಳದೆ ಇರುವುದು, ಅಷ್ಟೇ. ಅದನ್ನು ಹಿಂಸೆ ಎಂದು ಮಾಡುವವರೂ ತಿಳಿದಿರುವುದಿಲ್ಲ, ಅನುಭವಿಸುವವರೂ ತಿಳಿದಿರುವುದಿಲ್ಲ. ಇದನ್ನು ನನಗೆ ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು ಬಸಲಿಂಗವ್ವನ ಪ್ರಕರಣ.

ಮುರಗೋಡದ ಹತ್ತಿರದ ಒಂದು ಹಳ್ಳಿ. ಬಸಲಿಂಗವ್ವ ವಿಧವೆ, ಹೊಲಮನೆ ಉಳ್ಳ ಕುಟುಂಬ. ಇಬ್ಬರು ಗಂಡುಮಕ್ಕಳು. ದೊಡ್ಡವ ಮಲ್ಲಪ್ಪ, ಸಣ್ಣವ ಈರಪ್ಪ. ಪಾಲಾದಾಗ ಮನೆಯ ನಡುವೆ ಗೋಡೆ ಎಬ್ಬಿಸಿದರು, ಎರಡು ಬಾಗಿಲು ಮಾಡಿದರು, ಮುಂದಿನ ಉದ್ದನೆಯ ಕಟ್ಟೆಯನ್ನು ಮಾತ್ರ ಹಾಗೆಯೇ ಬಿಟ್ಟರು. ತಾಯಿಗೆ ಪಾಳಿ ಹಚ್ಚಿದರು. ಈ ಅಮವಾಸ್ಯೆಯಿಂದ ಮುಂದಿನ ಅಮವಾಸ್ಯೆಯವರೆಗೆ ದೊಡ್ಡಮಗನ ಮನೆಯಲ್ಲಿ ಊಟ, ಅಲ್ಲಿಂದ ಮುಂದೆ ಸಣ್ಣಮಗನ ಮನೆಯಲ್ಲಿ. ನಮ್ಮ ಕಡೆ ಇದೇನು ಹೊಸದಲ್ಲ, ಯಾರೂ ಇದನ್ನು ತಪ್ಪೆಂದು ತಿಳಿಯುವುದಿಲ್ಲ. ಅಮವಾಸ್ಯೆಯ ಬೆಳಿಗ್ಗೆ ಬಸಲಿಂಗವ್ವ ತನ್ನ ಕೌದಿ ಮಡಚಿ, ಸೀರೆಯ ಗಂಟು ಕಟ್ಟಿಕೊಂಡು ಒಂದು ಬಾಗಿಲಿನಿಂದ ಹೊರಗೆ ಬರುತ್ತಿದ್ದಳು.

ಆಕೆಗೆ ಸಕ್ಕರೆ ಕಾಯಿಲೆ. ಗುಳಿಗೆ ಕೊಡಲು ಹೋದಾಗಲೆಲ್ಲ ನಾನು ಆಕೆಯನ್ನು ಬೇವಿನ ಗಿಡದ ಕೆಳಗೆ ಕರೆದೊಯ್ಯುತ್ತಿದ್ದೆ. ಆಕೆಯ ಉತ್ತರ ಒಳಗೂ ಅದೇ, ಹೊರಗೂ ಅದೇ: "ಎಲ್ಲಾ ಚಲೋ ಐತ್ರಿ. ಇಬ್ಬರೂ ಸೊಸಿಯಂದ್ರು ಬಂಗಾರದಂಥಾವ್ರು." ನಿನ್ನೆ ಏನು ಉಂಡಿರಿ ಎಂದರೆ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಎಂದು ತಡವರಿಸದೆ ಹೇಳುತ್ತಿದ್ದಳು. ನಾನು ನಿಶ್ಚಿಂತಳಾಗಿದ್ದೆ.

ಊರಲ್ಲಿ ಮಾತ್ರ ಬೇರೆ ಮಾತು ಓಡಾಡುತ್ತಿತ್ತು. ಬಸಲಿಂಗವ್ವನಿಗೆ ಅಮವಾಸ್ಯೆ ಅಮವಾಸ್ಯೆಗೆ ಗಾಳಿ ಬಡಿಯುತ್ತದಂತೆ. ಮಧ್ಯಾಹ್ನ ಆಗುತ್ತಲೇ ಬೆವರುತ್ತಾಳೆ, ನಡುಗುತ್ತಾಳೆ, ಇದ್ದವರನ್ನು ಸತ್ತವರ ಹೆಸರಿನಿಂದ ಕರೆಯುತ್ತಾಳೆ. ಒಮ್ಮೆ ಕಟ್ಟೆಯಿಂದ ಕೆಳಗೆ ಉರುಳಿಯೂ ಬಿದ್ದಿದ್ದಳಂತೆ. ಇಂಥ ಮಾತನ್ನು ನಾನು ಒಂದು ಕಿವಿಯಿಂದ ಕೇಳಿ ಇನ್ನೊಂದರಿಂದ ಬಿಡುತ್ತಿದ್ದೆ. ಆದರೆ ಒಂದು ಸಲ ಬಿಪಿ ನೋಡಲು ಆಕೆಯ ಕುಪ್ಪಸದ ತೋಳು ಮೇಲೆ ಸರಿಸಿದಾಗ ಕಪ್ಪು ಬಾಸುಂಡೆ ಕಂಡವು. ಬೆನ್ನು ನೋಡಿದೆ. ಅಲ್ಲಿಯೂ ಗೆರೆ ಗೆರೆ.

"ಏನ್ರಿ ಅವ್ವಾರ ಇದು?"

"ಬಿದ್ದಿದ್ನಿರಿ."

ಬಿದ್ದರೆ ಗೆರೆ ಮೂಡುವುದಿಲ್ಲ. ಪಕ್ಕದ ಮನೆಯವಳು ನನ್ನನ್ನು ದಾರಿಯಲ್ಲಿ ನಿಲ್ಲಿಸಿ, "ಸಣ್ಣ ಸೊಸಿ ನೀಲವ್ವನ್ನ ನೋಡ್ರಿ ಬಾಯಾರ. ಅಮವಾಸಿ ದಿನಾ ಅತ್ತೀನ್ನ ಒಳಗ ಕರಕೊಳ್ಳೂದಿಲ್ಲ. ಹೊರಗ ಕುಂಡ್ರಸ್ತಾಳ" ಎಂದಳು. ಅಲ್ಲಿಗೆ ನನ್ನ ತೀರ್ಪು ಆಗಿಹೋಯಿತು. ನೀಲವ್ವ ಆಗ ಬಸುರಿ, ನನ್ನ ಕೈಯಲ್ಲೇ ತಪಾಸಣೆ. ಹಿಂದೆ ಒಂದು ಕೂಸು ಏಳು ತಿಂಗಳಿಗೇ ಹೋಗಿತ್ತೆಂದು ಈ ಸಲ ತಪ್ಪದೆ ಬರುತ್ತಿದ್ದಳು. ಮೆತ್ತಗಿನ ಹೆಣ್ಣುಮಗಳು ಎಂದು ಇಷ್ಟು ದಿನ ತಿಳಿದಿದ್ದ ಆಕೆಯ ಮುಖ ನನಗೆ ಈಗ ಕಳ್ಳಿಯ ಮುಖದಂತೆ ಕಂಡಿತು.

ನಮ್ಮ ಕೇಂದ್ರಕ್ಕೆ ಆಗ ಹೊಸದಾಗಿ ಬಂದಿದ್ದ ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವಳು. ಆಕೆಯ ಮುಂದೆ ಹೋಗಿ, ದೂರು ಕೊಡಲೇಬೇಕು ಎಂದು ಕುಳಿತೆ. ಆಕೆ ಪೂರ್ತಿ ಕೇಳಿ, "ಕೊಡೋಣ ಸಿಸ್ಟರ್. ತಂದೆತಾಯಿನ ನೋಡ್ಕೊಳ್ಳದವರಿಗೆ ಕಾನೂನು ಐತಿ, ಅಧಿಕಾರಿಗಳೂ ಅದಾರ. ಆದ್ರ ನನಗೊಂದು ತಿಳೀವಲ್ದು. ಬಡಿಯೋರು ಪಂಚಾಂಗ ನೋಡಿ ಬಡೀತಾರೇನ್ರಿ? ಅಮವಾಸಿ ದಿನ ಆಕಿ ಶುಗರ್ ನೋಡೀರೇನು?" ಎಂದಳು.

ನೋಡಿರಲಿಲ್ಲ. ಅಮವಾಸ್ಯೆಯ ದಿನ ನಮ್ಮ ಕಡೆ ಯಾರೂ ಮೈಗೆ ಸೂಜಿ ತಾಗಿಸಿಕೊಳ್ಳುವುದಿಲ್ಲ, ಕೂಸುಗಳಿಗಂತೂ ಕೇಳಲೇಬೇಡಿ. ಹಾಗಾಗಿ ನಾವು ಆ ದಿನ ಹಳ್ಳಿಗೆ ಹೋಗುತ್ತಲೇ ಇರಲಿಲ್ಲ. ಯಾರೂ ಹಾಗೆ ಆದೇಶ ಮಾಡಿದ್ದಲ್ಲ. ನಾನೂ ಇದೇ ಮಣ್ಣಿನವಳು, ನನಗೂ ಅದು ಸಹಜವಾಗಿಯೇ ಕಂಡಿತ್ತು.

ಮುಂದಿನ ಅಮವಾಸ್ಯೆಗೆ ಹೋದೆ. ಅದು ಎಳ್ಳಮವಾಸ್ಯೆ. ಬಸುರಿಗೆ ಬಯಕೆ ತೀರಿಸುವಂತೆ ಬೆಳೆ ತುಂಬಿದ ಭೂಮಿತಾಯಿಗೆ ಉಣಿಸುವ ಹಬ್ಬ. ಮನೆಮಂದಿಯೆಲ್ಲ ಕಡುಬು, ಹೋಳಿಗೆ, ಭರ್ತ, ಪುಂಡಿಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ, ಹೊಲದ ತುಂಬ ಅನ್ನ ಎರಚುತ್ತಾರೆ. ಊರು ಖಾಲಿಯಾಗಿತ್ತು. ಮಲ್ಲಪ್ಪನ ಬಾಗಿಲಿಗೆ ಬೀಗ. ಈರಪ್ಪನೂ ಹೊಲಕ್ಕೆ ಹೋಗಿದ್ದ, ಬಸುರಿ ನೀಲವ್ವ ಮಾತ್ರ ಮನೆಯಲ್ಲಿ ಉಳಿದಿದ್ದಳು. ಎರಡು ಬಾಗಿಲುಗಳ ನಡುವೆ, ಕಟ್ಟೆಯ ಮೇಲೆ, ಕೌದಿ ಮತ್ತು ಗಂಟು ಪಕ್ಕದಲ್ಲಿಟ್ಟುಕೊಂಡು ಬಸಲಿಂಗವ್ವ ಗೋಡೆಗೆ ಒರಗಿದ್ದಳು.

ಚಳಿಗಾಲದಲ್ಲಿ ಆಕೆಯ ಹಣೆ ಬೆವರಿನಿಂದ ತೊಯ್ದಿತ್ತು. ನನ್ನನ್ನು ನೋಡಿ, "ಗೌರವ್ವಾ, ಯಾವಾಗ ಬಂದಿ?" ಎಂದಳು. ಗೌರವ್ವ ಎಂದರೆ ಎಂದೋ ತೀರಿಹೋದ ಆಕೆಯ ತಂಗಿ. ನಾನು ಅಮವಾಸ್ಯೆಯನ್ನೂ ನೋಡದೆ ಬೆರಳು ಚುಚ್ಚಿದೆ. ಮಷೀನು ತೋರಿಸಿದ್ದನ್ನು ಎರಡು ಸಲ ನೋಡಿದೆ. ಸಕ್ಕರೆ ತಳ ಕಂಡಿತ್ತು. ಇನ್ನೊಂದಿಷ್ಟು ಹೊತ್ತು ಹಾಗೇ ಬಿಟ್ಟಿದ್ದರೆ ಆಕೆ ಏಳುತ್ತಿರಲಿಲ್ಲ.

"ನೀಲವ್ವಾ! ಸಕ್ಕರಿ ತಾ, ನೀರ ತಾ! ಓಡು!"

ನೀಲವ್ವ ಡಬ್ಬಿ ಹಿಡಿದು ಓಡಿ ಬಂದಳು. ಹೊಸ್ತಿಲಲ್ಲೇ ನಿಂತು ಕೈ ಚಾಚಿದಳು. ನೀರಿನಲ್ಲಿ ಕಲಸಿ ಗುಟುಕು ಗುಟುಕಾಗಿ ಕುಡಿಸಿದೆ. ಆ ಹೊತ್ತು ನನಗೆ ಯುಗದಂತಾಯಿತು. ಮೆಲ್ಲಗೆ ಬೆವರು ನಿಂತಿತು, ಕಣ್ಣು ತಿಳಿಯಾಯಿತು.

"ಬಾಯಾರ? ನೀವು ಅಮವಾಸಿ ದಿನಾ ಹೆಂಗ ಬಂದ್ರಿ?"

ಗಾಳಿ ಬಿಟ್ಟಿತ್ತು, ಒಂದು ಮುಷ್ಟಿ ಸಕ್ಕರೆಗೆ. ನಾನು ಕೇಳಿದೆ:

"ಮುಂಜಾನಿ ಏನ್ ಉಂಡ್ರಿ ಅವ್ವಾರ?"

"ಇವತ್ತ ಒಪ್ಪತ್ತು ಐತ್ರಿ."

"ನಿನ್ನಿ ರಾತ್ರಿ ಉಂಡ ಮ್ಯಾಲ ಏನೂ ಇಲ್ಲ?"

ಸೀರೆಯ ಗಂಟು ಬಿಚ್ಚಿ ಮತ್ತೆ ಕಟ್ಟಿದಳು.

"ಗುಳಿಗಿ ತಗೊಂಡೀರೇನು?"

"ತಗೊಂಡೇನ್ರಿ. ನೀವ ಹೇಳಿದ್ರಲ್ಲ, ಏನರ ಆಗ್ಲಿ ಗುಳಿಗಿ ತಪ್ಪಿಸಬ್ಯಾಡ್ರಿ ಅಂತ."

ಖಾಲಿ ಹೊಟ್ಟೆಗೆ ಸಕ್ಕರೆ ಇಳಿಸುವ ಗುಳಿಗೆ. ತಿಂಗಳು ತಿಂಗಳೂ ಅಮವಾಸ್ಯೆಗೆ ಬಡಿಯುತ್ತಿದ್ದ ಗಾಳಿ ಇದೇ ಆಗಿತ್ತು. ಹೊಸ್ತಿಲಲ್ಲಿ ನಿಂತ ನೀಲವ್ವನ ಮುಖ ಬಿಳಿಚಿಕೊಂಡಿತು. "ಅತ್ತಿ, ದೊಡ್ಡಮನ್ಯಾಗ ಉಂಡೇನಿ ಅಂತ ಹೇಳಿದ್ರಲ್ಲ ನನಗ? ಪ್ರತಿ ಅಮವಾಸಿಗೂ ಹಂಗ ಹೇಳ್ತಿದ್ರಲ್ಲ?" ಎಂದಳು.

ಆಗ ಒಂದೊಂದಾಗಿ ಹೊರಗೆ ಬಂತು. ಅಮವಾಸ್ಯೆಯ ಬೆಳಗಿಗೆ ದೊಡ್ಡ ಮನೆಯ ಪಾಳಿ ಮುಗಿಯುತ್ತದೆ, ಅವರು ಒಲೆಯ ಲೆಕ್ಕದಿಂದ ಮುದುಕಿಯನ್ನು ಬಿಟ್ಟುಬಿಡುತ್ತಾರೆ. ಸಣ್ಣ ಮನೆಯವರು ಪಾಲಾದ ಹೊಸದರಲ್ಲಿ ಅಮವಾಸ್ಯೆಯ ದಿನವೇ ತಮ್ಮ ಭಾಗಕ್ಕೆ ಕಾಲಿಟ್ಟಿದ್ದರು. ಆ ವರ್ಷವೇ ನೀಲವ್ವನ ಕೂಸು ಹೋಯಿತು. ಅಂದಿನಿಂದ ಆಕೆಗೆ ಭಯ. ಅಮವಾಸ್ಯೆಯ ದಿನ ಹೊರಗಿನ ಗಂಟುಮೂಟೆ ಒಳಗೆ ಬರಬಾರದು, ಯಾರೂ ವಾಸಕ್ಕೆಂದು ಹೊಸ್ತಿಲು ದಾಟಬಾರದು, ಪಾಡ್ಯದ ಬೆಳಿಗ್ಗೆಯೇ ಅತ್ತೆಯ ಪ್ರವೇಶ. ಸಣ್ಣ ಮನೆಯಿಂದ ದೊಡ್ಡ ಮನೆಗೆ ಹೋಗುವ ತಿಂಗಳಲ್ಲಿ ದೊಡ್ಡ ಸೊಸೆಯೂ, ಅವರು ಪಾಡ್ಯಕ್ಕೆ ಕರೆದುಕೊಂಡರೆ ನಾವೂ ಪಾಡ್ಯಕ್ಕೇ ಎನ್ನುತ್ತಿದ್ದಳು. ಅಂತೂ ಅಮವಾಸ್ಯೆಯ ದಿನ ಯಾರ ಪಾಳಿಗೂ ಸೇರಲಿಲ್ಲ. ಬಸಲಿಂಗವ್ವ ಆ ಮನೆಯವರಿಗೆ ಇಲ್ಲಿ ಉಣ್ಣುತ್ತೇನೆ ಎಂದಳು, ಈ ಮನೆಯವರಿಗೆ ಅಲ್ಲಿ ಉಂಡೆ ಎಂದಳು. ನಿಜವೇನೆಂದು ಯಾರೂ ವಿಚಾರಿಸಲಿಲ್ಲ.

"ಯಾಕ್ರಿ ಅವ್ವಾರ? ಹಸದೇನಿ ಅಂತ ಒಂದ ಮಾತ ಹೇಳಾಕ ಏನಾಗಿತ್ತು?" ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದಿದ್ದವು.

"ನಾ ಹಸದೇನಿ ಅಂದ್ರ ಆ ಮನಿಯವ್ರು ಈ ಮನಿಗೆ ಅಂತಾರ, ಈ ಮನಿಯವ್ರು ಆ ಮನಿಗೆ ಅಂತಾರ. ಒಂದ ಗ್ವಾಡಿ ಎದ್ದೈತಿ, ಸಾಕ್ರಿ."

ಮಾತಿಗೆ ಹೊತ್ತಿರಲಿಲ್ಲ. ಸಕ್ಕರೆ ನೀರು ನಿಲ್ಲುವುದು ಸ್ವಲ್ಪ ಹೊತ್ತು, ಗುಳಿಗೆ ಹೊಟ್ಟೆಯಲ್ಲಿ ಇನ್ನೂ ಕೆಲಸ ಮಾಡುತ್ತಿರುತ್ತದೆ. ಈಗಿಂದೀಗ ಊಟ ಆಗಬೇಕು ಎಂದೆ. ತಾಟು ಹೊರಗೇ ತಂದುಕೊಡು ಎಂದು ನಾನು ಹೇಳುವುದರೊಳಗೆ ನೀಲವ್ವ ಹೊಸ್ತಿಲು ಬಿಟ್ಟು ಇಳಿದು ಬಂದಳು. ಒಂದು ಕೈ ಹೊಟ್ಟೆಯ ಮೇಲಿತ್ತು. ಇನ್ನೊಂದು ಕೈಯಿಂದ ಅತ್ತೆಯ ರಟ್ಟೆ ಹಿಡಿದಳು.

"ಏಳ್ರಿ, ಒಳಗ ನಡೀರಿ."

"ಬ್ಯಾಡ ತಂಗಿ. ಹೋದಸಲ ಏನಾತು ಮರತೀ ಏನು? ಇಲ್ಲೇ ತಂದ ಕೊಡು, ಉಣತೇನಿ."

"ಮರತಿಲ್ರಿ. ಏಳ್ರಿ."

"ನಾಳಿಗೆ ನಿನ್ನ ಹೊಟ್ಟ್ಯಾಗಿಂದಕ್ಕ ಏನರ ಆದ್ರ ಊರೆಲ್ಲಾ ನನ್ನ ಹೆಸರ ತಗೀತೈತಿ."

"ನೀವು ಇಲ್ಲೇ ಸತ್ರ ನನ್ನ ಹೆಸರ ತಗೀತೈತಿ. ಏಳ್ರಿ ಅತ್ತಿ, ನನಗ ಬಾಳೊತ್ತ ನಿಂದ್ರಾಕ ಆಗೂದಿಲ್ಲ."

ಹೊಸ್ತಿಲ ಮುಂದೆ ನಿಂತು ಆಕೆ ಒಮ್ಮೆ ಕಣ್ಣು ಮುಚ್ಚಿದಳು. ನಾನು ಕಣ್ಣಾರೆ ಕಂಡೆ. ಭಯ ಹೋಗಿರಲಿಲ್ಲ. ಭಯವನ್ನು ಇಟ್ಟುಕೊಂಡೇ ಆಕೆ ಅತ್ತೆಯನ್ನು ಹೊಸ್ತಿಲು ದಾಟಿಸಿದಳು. ಈ ಹೆಣ್ಣುಮಗಳ ಮೇಲೆ ದೂರು ಕೊಡಲು ಹೊರಟಿದ್ದೆನಲ್ಲ ಎಂದುಕೊಳ್ಳುತ್ತಾ ನಾನು ಕೌದಿ ಗಂಟು ಹೊತ್ತುಕೊಂಡು ಹಿಂದೆ ಹಿಂದೆ ಹೋದೆ. ಒಳಗೆ ಬಸಲಿಂಗವ್ವ ರೊಟ್ಟಿ, ಭರ್ತ, ಪುಂಡಿಪಲ್ಯ ಉಂಡಳು. ಕೊನೆಗೆ ನೀಲವ್ವ ಎಳ್ಳಿನ ಹೋಳಿಗೆ ನೀಡಿ, ಮೇಲೆ ತುಪ್ಪ ಸುರಿದು ನನ್ನ ಮುಖ ನೋಡಿದಳು. ಸಕ್ಕರೆ ಕಾಯಿಲೆಯವರು ಸಿಹಿ ಮುಟ್ಟಬಾರದೆಂದು ಊರೂರು ಸುತ್ತಿ ಹೇಳಿದವಳು ನಾನು, ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತೆ.

ಮಧ್ಯಾಹ್ನ ಕಳೆದ ಮೇಲೆ ಮಲ್ಲಪ್ಪ ಬೈಕಿನಲ್ಲಿ ಬಂದ. ಹಿಂದೆ ಒಬ್ಬ ಮನುಷ್ಯ ಕುಳಿತಿದ್ದ, ಕೈಯಲ್ಲಿ ಬೇವಿನ ಟೊಂಗೆಗಳ ಕಟ್ಟು. ಗಾಳಿ ಬಿಡಿಸುವವ. ಹೋದ ಅಮವಾಸ್ಯೆಗೆ ಬಸಲಿಂಗವ್ವನ ಬೆನ್ನ ಮೇಲೆ ಗೆರೆ ಮೂಡಿಸಿದ್ದು ಅದೇ ಟೊಂಗೆ. ಸೊಸೆಗೆಂದು ಕೂಡಿಟ್ಟುಕೊಂಡಿದ್ದ ಸಿಟ್ಟನ್ನೆಲ್ಲ ನಾನು ಮಲ್ಲಪ್ಪನ ಮೇಲೆ ಸುರಿದೆ. ತಾಯಿಯ ಬೆನ್ನು ತೋರಿಸಿದೆ. "ಗಾಳಿ ಅಂತ ತಿಳದಿದ್ನಿರಿ. ಚಲೋ ಆಗ್ಲಿ ಅಂತ ಮಾಡಿದ್ನಿರಿ" ಎಂದ. ಚಲೋ ಆಗಲಿ ಎಂದು ಹೊಡೆದರೂ ಅದು ಹೊಡೆತವೇ, ಇನ್ನೊಮ್ಮೆ ಇವನು ಈ ಕಟ್ಟೆ ಹತ್ತಿದರೆ ನಾನೇ ಪೊಲೀಸರನ್ನು ಕರೆತರುತ್ತೇನೆ ಎಂದೆ. ಹೊಟ್ಟೆಗೆ ಅನ್ನ ಬಿದ್ದಿರಲಿಲ್ಲ ಎಂದು ತಿಳಿದ ಮೇಲೆ ಮಲ್ಲಪ್ಪ ಕಟ್ಟೆಯ ತುದಿಯಲ್ಲಿ ತಲೆಯ ಮೇಲೆ ಕೈ ಹೊತ್ತು ಕುಳಿತುಬಿಟ್ಟ. ಅಷ್ಟರಲ್ಲಿ ಹೊಲದಿಂದ ನಡೆದು ಬಂದ ಅವನ ಹೆಂಡತಿ ತಲೆಯ ಮೇಲಿನ ಬುಟ್ಟಿಯನ್ನು ಇಳಿಸಲೂ ಮರೆತು ನಿಂತಿದ್ದಳು. ಟೊಂಗೆಯವನು ಯಾವಾಗ ಹೋದನೋ ಯಾರೂ ನೋಡಲಿಲ್ಲ.

ಡಾಕ್ಟರಮ್ಮ ಗುಳಿಗೆ ಬದಲಿಸಿದಳು. ಅಮವಾಸ್ಯೆಯ ದಿನ ತನ್ನದೇ ಎಂದು ನೀಲವ್ವ ಎರಡೂ ಮನೆಯವರ ಮುಂದೆ ಹೇಳಿಬಿಟ್ಟಳು. ಮುಂದಿನ ಅಮವಾಸ್ಯೆಗೆ ಬಸಲಿಂಗವ್ವನಿಗೆ ಗಾಳಿ ಬಡಿಯಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಆದರೆ ನನಗೆ ನಿದ್ದೆ ಬರಲಿಲ್ಲ. ಆ ಬಸಿರಿಗೆ ಏನಾದರೂ ಆದರೆ ಊರು ಅಮವಾಸ್ಯೆಯನ್ನೇ ನೆನೆಯುತ್ತದೆ. ಬಸಲಿಂಗವ್ವ ಮತ್ತೆ ಕಟ್ಟೆಗೆ ಬರುತ್ತಾಳೆ, ಈ ಸಲ ಆಕೆಯೇ ಬಂದು ಕೂರುತ್ತಾಳೆ, ಆಮೇಲೆ ಆಕೆಯನ್ನು ಒಳಗೆ ಕರೆಯಲು ಯಾರ ಮಾತೂ ನಡೆಯುವುದಿಲ್ಲ. ತಪಾಸಣೆಯಲ್ಲಿ ಕೂಸಿನ ಎದೆಬಡಿತ ಕೇಳುವವರೆಗೆ ನಾನು ಉಸಿರು ಬಿಡುತ್ತಿರಲಿಲ್ಲ. ಬೇಸಿಗೆ ಹತ್ತಿರ ಬಂದಾಗ ನೀಲವ್ವನ ಕಾಲು ಬಾತವು, ಬಿಪಿ ಏರಿತು. ಓಣಿಯಲ್ಲಿ ಗುಸುಗುಸು ಶುರುವಾಯಿತು. ಬಸಲಿಂಗವ್ವ ಮಾತು ಬಿಟ್ಟಳು.

ನೋವು ಕಾಣಿಸಿಕೊಂಡ ದಿನ ಸವದತ್ತಿಯ ಆಸ್ಪತ್ರೆಗೆ ಕರೆದೊಯ್ದೆವು. ನಾನೂ ಗಾಡಿ ಹತ್ತಿದೆ. ಹೆರಿಗೆ ಕೋಣೆಯ ಹೊರಗಿನ ಬೆಂಚಿನ ಮೇಲೆ ಬಸಲಿಂಗವ್ವ, ಆಕೆಯ ಎರಡೂ ಬದಿಗೆ ಇಬ್ಬರು ಮಕ್ಕಳು. ಬೆಳಿಗ್ಗೆಯಿಂದ ಆಕೆ ನೀರನ್ನೂ ಮುಟ್ಟಿರಲಿಲ್ಲ, ಹಾಗಾಗಿ ಅಂದಿನ ಗುಳಿಗೆಯನ್ನು ನಾನೇ ತಡೆದಿದ್ದೆ. ಮಕ್ಕಳು ಎಷ್ಟು ಹೇಳಿದರೂ ತಲೆ ಅಲ್ಲಾಡಿಸಿದಳು. ಸಂಜೆಯ ಹೊತ್ತಿಗೆ ಒಳಗಿನಿಂದ ಕೂಸಿನ ಅಳು ಕೇಳಿತು. ನಾನು ಒಳಗೆ ಹೋಗಿ, ಕೂಸಿನ ತೂಕ ನೋಡಿ, ನೀಲವ್ವನ ಬಿಪಿ ನೋಡಿ, ಕಣ್ಣೊರೆಸಿಕೊಂಡು ಹೊರಗೆ ಬಂದೆ.

"ಹೆಣ್ಣ ಕೂಸ್ರಿ ಅವ್ವಾರ. ತುಂಬಿದ ಕೂಸ. ತಾಯಿನೂ ಚಲೋ ಅದಾಳ, ಕೂಸೂ ಚಲೋ ಐತಿ."

ಬಸಲಿಂಗವ್ವ ನನ್ನ ಮುಖವನ್ನೇ ನೋಡಿದಳು, ನಿಜವೋ ಸುಳ್ಳೋ ಎಂಬಂತೆ. ನಾನು ಇನ್ನೊಮ್ಮೆ ಹೇಳಿದೆ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಆಚೆ ಈಚೆ ಕುಳಿತ ಮಕ್ಕಳ ಕಡೆ ತಿರುಗಿದಳು.

"ಮಲ್ಲಪ್ಪಾ, ಈರಪ್ಪಾ, ನನಗ ಹಸಿವ್ಯಾಗೇತೋ" ಎಂದಳು.

ಆಕೆಯ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಇಬ್ಬರೂ ಒಮ್ಮೆಲೇ ಎದ್ದು ಗೇಟಿನ ಹೊರಗಿನ ಖಾನಾವಳಿಗೆ ಓಡಿದರು.